ಕಾಲಿಗೆ ತಾಲೀಮುಂಟು, ಪ್ರಶ್ನೆಗೆ?

ದಾವಣಗೆರೆಯ ಅಥವಾ ಹರಿಹರದ ಹುಡುಗನೊಬ್ಬ ಮಿಲಿಟರಿಗೆ ಸೇರಬೇಕೆಂದು ಮನಸ್ಸು ಮಾಡಿದರೆ, ಅದರ ಒಳಹೊರಗನ್ನು ಅಧಿಕೃತವಾಗಿ ಹೇಳಬಲ್ಲವರು ಅವನಿಗೆ ಊರಲ್ಲಿ ಎಲ್ಲಿ ಸಿಗುತ್ತಾರೆ? ಭೂಸೇನೆಯ ಮಟ್ಟಿಗೆ ಈ ಜಿಲ್ಲೆ ಮಂಗಳೂರಿನ ಸೇನಾ ನೇಮಕಾತಿ ಕಚೇರಿಗೆ ಸೇರಿದೆ. ಕರಾವಳಿಯ ಮೂರು ಜಿಲ್ಲೆಗಳ ಜೊತೆಗೆ ಶಿವಮೊಗ್ಗ, ಚಿಕ್ಕಮಗಳೂರು, ಹಾವೇರಿ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಹುಡುಗರೂ ಅದೇ ಬಾಗಿಲಿಗೆ ಹೋಗಬೇಕು. ಘಟ್ಟ ಇಳಿದು ಹೋಗಿ ಒಂದು ಅನುಮಾನ ಕೇಳಿ ಬರುವುದು ದಿನಗೂಲಿಯ ಮನೆಯ ಹುಡುಗನಿಗೆ ಆಗುವ ಮಾತಲ್ಲ. ಅಮೆರಿಕದಲ್ಲಿ ಸೇನೆಯ ನೇಮಕಾತಿದಾರ ಪೇಟೆಯ ನಡುವೆ ಕಚೇರಿ ತೆರೆದು ಕೂರುತ್ತಾನೆ, ಹೈಸ್ಕೂಲಿಗೆ ಬರುತ್ತಾನೆ, ಮನೆಗೂ ಫೋನ್ ಮಾಡುತ್ತಾನೆ. ಹಾಗಾಗಿ ಅಲ್ಲಿಯ ಹಿರಿಯರು ಮಕ್ಕಳಿಗೆ ಹೇಳುವ ಬುದ್ಧಿಮಾತು ಒಂದೇ: ಅವನು ಬಾಯಲ್ಲಿ ಹೇಳಿದ್ದೆಲ್ಲ ಕರಾರುಪತ್ರದಲ್ಲಿ ಇದೆಯೇ ನೋಡಿಕೊಂಡು ಸಹಿ ಹಾಕು. ನಮ್ಮಲ್ಲಿ ತೊಂದರೆ ಬೇರೆ ಥರದ್ದು. ಇಲ್ಲಿ ಆಸೆ ತೋರಿಸುವ ನೇಮಕಾತಿದಾರ ಇಲ್ಲ, ಸಂದೇಹ ಬಗೆಹರಿಸುವವನೂ ಇಲ್ಲ. ಮೊದಲ ಬಾರಿ ಸೇನೆಯ ಅಧಿಕಾರಿ ಎದುರಾಗುವಾಗ ಹುಡುಗ ಎದೆಗೆ ನಂಬರ್ ಅಂಟಿಸಿಕೊಂಡು, ಬೆಳಗಿನ ಜಾವದ ಸಾಲಿನಲ್ಲಿ, ಸಾವಿರಾರು ಮಂದಿಯ ನಡುವೆ ನಿಂತಿರುತ್ತಾನೆ. ಆ ಹೊತ್ತಿನಲ್ಲಿ ಅವನು ಕೇಳುವ ಸ್ಥಿತಿಯಲ್ಲಿಲ್ಲ, ಅಧಿಕಾರಿ ಹೇಳುವ ಸ್ಥಿತಿಯಲ್ಲಿಲ್ಲ.

ಆದರೆ ಕಾನೂನಿನ ಕಲ್ಪನೆಯೇ ಬೇರೆ. 1950ರ ಸೇನಾ ಕಾಯ್ದೆಯ 13ನೇ ಕಲಂ ಹೇಳುವುದಿದು: ಸೇನೆಗೆ ದಾಖಲಾಗಲು ಬಂದವನ ಎದುರಿನಲ್ಲಿ ದಾಖಲಾತಿ ಅಧಿಕಾರಿ ಸೇವೆಯ ಷರತ್ತುಗಳನ್ನು ಓದಿ ವಿವರಿಸಬೇಕು, ಇಲ್ಲವೇ ಓದಿಸಿ ವಿವರಿಸುವಂತೆ ಮಾಡಬೇಕು. ಆಮೇಲೆ ನಿಗದಿತ ಪ್ರಶ್ನೆಗಳನ್ನು ಕೇಳಬೇಕು, ಸುಳ್ಳು ಉತ್ತರಕ್ಕೆ ಶಿಕ್ಷೆಯುಂಟು ಎಂದು ಎಚ್ಚರಿಸಿ ಉತ್ತರಗಳನ್ನು ಬರೆದುಕೊಳ್ಳಬೇಕು. 14ನೇ ಕಲಂ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಬಂದವನು ಪ್ರಶ್ನೆಗಳನ್ನು ಪೂರ್ತಿ ಅರ್ಥ ಮಾಡಿಕೊಂಡಿದ್ದಾನೆ, ಷರತ್ತುಗಳಿಗೆ ಒಪ್ಪಿದ್ದಾನೆ ಎಂದು ಅಧಿಕಾರಿಗೆ ಮನವರಿಕೆಯಾದ ಮೇಲಷ್ಟೇ ಸಹಿ. ಬ್ರಿಟಿಷರ ಕಾಲದ 1911ರ ಕಾಯ್ದೆಯ ಜಾಗಕ್ಕೆ ಬಂದ ಈ ಕಾನೂನಿನಲ್ಲಿ ಗಣರಾಜ್ಯದ ಒಂದು ತಿಳಿವಳಿಕೆ ಅಡಗಿದೆ: ಸೈನಿಕ ಹಿಡಿದು ತಂದವನಲ್ಲ, ತಿಳಿದು ಒಪ್ಪಿ ಬಂದವನು. ಅಂದರೆ ಸೇವೆಯ ಷರತ್ತುಗಳ ಬಗ್ಗೆ ಪ್ರಶ್ನೆ ಕೇಳುವ ಹುಡುಗ ಯಾರ ಸಮಯವನ್ನೂ ಹಾಳು ಮಾಡುತ್ತಿಲ್ಲ, ಕಾಯ್ದೆ ತನ್ನಿಂದ ಬಯಸಿದ್ದನ್ನೇ ಮಾಡುತ್ತಿದ್ದಾನೆ. ನನ್ನ ವಾದ ಇಷ್ಟೇ. ಕಾಯ್ದೆಯಲ್ಲಿರುವ ಆ ಮಾತುಕತೆ ಭರ್ತಿಯ ದಿನ ಕೆಲವು ನಿಮಿಷಗಳಲ್ಲಿ ಮುಗಿದುಹೋಗುವಂಥದ್ದು. ಅದಕ್ಕೆ ಅರ್ಥ ಬರಬೇಕಾದರೆ ತಿಂಗಳುಗಳ ಮುಂಚೆಯೇ, ಹೆಸರು ನೋಂದಾಯಿಸುವ ಮೊದಲೇ, ಮನೆಯಲ್ಲಿ ಮತ್ತು ಊರಿನಲ್ಲಿ ಅದರ ತಯಾರಿ ನಡೆಯಬೇಕು. ರನ್ನಿಂಗಿಗೆ ಕೊಡುವಷ್ಟೇ ಸಮಯವನ್ನು ಪ್ರಶ್ನೆಗಳಿಗೂ ಕೊಡಬೇಕು.

ಈಗಿನ ಕ್ರಮ ನೋಡಿದರೆ ಈ ತಯಾರಿ ಯಾಕೆ ಬೇಕೆಂದು ಗೊತ್ತಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹಾವೇರಿಯಲ್ಲಿ, ಅಗ್ನಿಪಥ ಯೋಜನೆಯಡಿ ಸೇರುವ ಅಗ್ನಿವೀರರ ರ‍್ಯಾಲಿ ನಡೆದಾಗ ಮೊದಲು ಓಟ, ಆಮೇಲೆ ಲಿಖಿತ ಪರೀಕ್ಷೆ. 2023ರಿಂದ ಅದು ತಿರುಗುಮುರುಗಾಯಿತು. ಮೊದಲು ಸೇನೆಯ ಜಾಲತಾಣದಲ್ಲಿ ನೋಂದಣಿ, ಬಳಿಕ ಕಂಪ್ಯೂಟರ್ ಮೇಲೆ ಸಾಮಾನ್ಯ ಪ್ರವೇಶ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ಫಿಜಿಕಲ್, ಕೊನೆಗೆ ಮೆಡಿಕಲ್ ಮತ್ತು ಮೆರಿಟ್ ಪಟ್ಟಿ. ಹೀಗಾಗಿ ಹುಡುಗನ ಅತ್ಯಂತ ಮುಖ್ಯ ನಿರ್ಧಾರಗಳೆಲ್ಲ ಮೊದಲ ದಿನವೇ, ಸೈಬರ್ ಸೆಂಟರಿನ ಕುರ್ಚಿಯಲ್ಲಿ ಅಥವಾ ಮೊಬೈಲ್ ಪರದೆಯ ಮೇಲೆ ಆಗಿಹೋಗುತ್ತವೆ. ಜನರಲ್ ಡ್ಯೂಟಿಯೋ, ಟೆಕ್ನಿಕಲ್ಲೋ, ಕ್ಲರ್ಕೋ, ಟ್ರೇಡ್ಸ್‌ಮನ್ನೋ ಎಂದು ಆರಿಸುವಾಗ ಅವನ ಪಕ್ಕದಲ್ಲಿ ಇರುವವನು ಅರ್ಜಿ ತುಂಬಿಕೊಡುವವನೇ ಹೊರತು ಸೇನೆಯನ್ನು ಬಲ್ಲವನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಇದ್ದರೆ ಜನರಲ್ ಡ್ಯೂಟಿಗೆ ಸಾಕು ಎಂಬುದು ಎಲ್ಲರ ಬಾಯಲ್ಲೂ ಇದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವನಿಗೋ ಐಟಿಐ ಮುಗಿಸಿದವನಿಗೋ ಟೆಕ್ನಿಕಲ್ ವಿಭಾಗ ತೆರೆದಿದೆ ಎಂಬುದು ಅಷ್ಟು ಬಾಯಿಗಳಲ್ಲಿಲ್ಲ. ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಬಾಳಿ ಬಾಗಿಲು ಮುಚ್ಚಿದ ಊರು ಹರಿಹರ. ಕೈಗೆ ಯಂತ್ರದ ಪರಿಚಯವಿರುವ ಮನೆಗಳ ಮಕ್ಕಳು, ತಮಗೆ ಆ ದಾರಿಯೂ ಇದೆಯೆಂದು ತಿಳಿಯದೆ ಎಲ್ಲರೂ ಒತ್ತುವ ಬಟನ್ನನ್ನೇ ಒತ್ತಿ ಬರುವುದು ನಿಜವಾದ ನಷ್ಟ.

ಇನ್ನು ಊರಿಗೆ ಇರುವ ತಿಳಿವಳಿಕೆಯ ವಿಷಯ. ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಗಿರಣಿ ಊರು. ಗಿರಣಿಯ ಸೈರನ್ ನಿಂತ ಮೇಲೆ ಇಲ್ಲಿನ ಕುಟುಂಬಗಳಿಗೆ ‘ಪರ್ಮನೆಂಟ್ ಕೆಲಸ’ ಎಂಬ ಮಾತಿನ ತೂಕ ಹೆಚ್ಚಿತು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ, ಅಕ್ಕಿ ಗಿರಣಿಯ ಹಮಾಲಿಯಲ್ಲಿ, ಮೆಕ್ಕೆಜೋಳದ ಬೆಲೆಯ ಏರಿಳಿತದಲ್ಲಿ ಬೆಂದವರಿಗೆ ತಿಂಗಳ ಮೊದಲ ದಿನ ಬರುವ ಸಂಬಳ, ಕೊನೆಯವರೆಗೂ ಬರುವ ಪಿಂಚಣಿ ಎಂದರೆ ಮಿಲಿಟರಿ. ಹಿಂದೆ ಸೇರಿದ ಜವಾನನ ಮಟ್ಟಿಗೆ ಆ ನಂಬಿಕೆ ಸರಿಯೇ ಆಗಿತ್ತು. ಹದಿನೈದು ವರ್ಷಕ್ಕೂ ಮೇಲ್ಪಟ್ಟ ಸೇವೆ, ಪಿಂಚಣಿ, ಕ್ಯಾಂಟೀನು, ಆಸ್ಪತ್ರೆ, ಮಾಜಿ ಸೈನಿಕನೆಂಬ ಸ್ಥಾನ ಅವನಿಗಿತ್ತು. 2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆ ಪ್ರಕಟಿಸಿದ ದಿನದಿಂದ ಜವಾನನ ಹುದ್ದೆಗೆ ಹೊಸದಾಗಿ ಸೇರುವವರ ಪಾಲಿಗೆ ಅದು ಬದಲಾಯಿತು. ತರಬೇತಿಯೂ ಸೇರಿ ನಾಲ್ಕು ವರ್ಷದ ಸೇವೆ. ಅದು ಮುಗಿದಾಗ ಪ್ರತಿ ತಂಡದಿಂದ ಗರಿಷ್ಠ ನೂರಕ್ಕೆ ಇಪ್ಪತ್ತೈದು ಮಂದಿಯನ್ನು ಕಾಯಂ ಪಡೆಗೆ ತೆಗೆದುಕೊಳ್ಳಲಾಗುತ್ತದೆ, ಅವರು ಇನ್ನೂ ಕನಿಷ್ಠ 15 ವರ್ಷ ದುಡಿಯುತ್ತಾರೆ. ಉಳಿದವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಯಿಟಿ ಇಲ್ಲ, ಮಾಜಿ ಸೈನಿಕನ ಸ್ಥಾನವೂ ಅದರ ಕ್ಯಾಂಟೀನು, ವೈದ್ಯಕೀಯ ಸೌಲಭ್ಯಗಳೂ ಇಲ್ಲ. ರಜೆಗೆ ಬಂದ ಹಳೆಯ ಹವಾಲ್ದಾರ್ ಮಾವ ಒಳ್ಳೆಯ ಮನಸ್ಸಿನಿಂದಲೇ ಹುಡುಗನಿಗೆ ಸಲಹೆ ಕೊಡುತ್ತಾನೆ. ಆದರೆ ಅವನು ಹೇಳುವುದು ತಾನು ಸಹಿ ಹಾಕಿದ ಕಾಗದದ ಮಾತು, ಈ ಹುಡುಗ ಸಹಿ ಹಾಕಲಿರುವ ಕಾಗದದ್ದಲ್ಲ. ಶಿಸ್ತು, ಬ್ಯಾರಕ್ಕಿನ ಬದುಕು, ಗಡಿಯ ಚಳಿಯ ಬಗ್ಗೆ ಅವನ ಮಾತಿಗೆ ಸಾಟಿಯಿಲ್ಲ. ಸಂಬಳ, ಅವಧಿ, ನಿವೃತ್ತಿಯ ಬಗ್ಗೆ ಮಾತ್ರ ಹೊಸ ಅಧಿಸೂಚನೆಯನ್ನೇ ಮುಂದಿಟ್ಟುಕೊಳ್ಳಬೇಕು.

ಲೆಕ್ಕವನ್ನೇ ತೆಗೆದುಕೊಳ್ಳಿ. ಯೋಜನೆ ಪ್ರಕಟವಾದಾಗ ಹೇಳಿದ ಮಾಸಿಕ ಮೊತ್ತ ಮೊದಲ ವರ್ಷ 30,000, ಎರಡನೆಯ ವರ್ಷ 33,000, ಮೂರನೆಯ ವರ್ಷ 36,500, ನಾಲ್ಕನೆಯ ವರ್ಷ 40,000 ರೂಪಾಯಿ. ಇದರಲ್ಲಿ ಶೇ 30 ಸೇವಾ ನಿಧಿಗೆ ಕಡಿತವಾಗುವುದರಿಂದ ಮೊದಲ ವರ್ಷ ಕೈಗೆ ಬರುವುದು 21,000, ಕೊನೆಯ ವರ್ಷ 28,000. ನಾಲ್ಕು ವರ್ಷದಲ್ಲಿ ಹುಡುಗನಿಂದ ಕಡಿತವಾದ ಒಟ್ಟು 5.02 ಲಕ್ಷಕ್ಕೆ ಸರ್ಕಾರ ಅಷ್ಟನ್ನೇ ಸೇರಿಸುತ್ತದೆ. ಬಡ್ಡಿಯೂ ಕೂಡಿ ಹೊರಬರುವಾಗ ಸುಮಾರು 11.71 ಲಕ್ಷ, ಅದಕ್ಕೆ ಆದಾಯ ತೆರಿಗೆ ಇಲ್ಲ. ಕೈಗೆ ಬಂದ ಸಂಬಳವನ್ನು ಕೂಡಿದರೂ ಹೆಚ್ಚುಕಡಿಮೆ ಅಷ್ಟೇ, 11.7 ಲಕ್ಷದ ಆಸುಪಾಸು. ಇದು ಸಣ್ಣ ಮೊತ್ತವಲ್ಲ. ಹದಿನೆಂಟಕ್ಕೆ ಸೇರಿ ಇಪ್ಪತ್ತೆರಡಕ್ಕೆ ಹೊರಬರುವ ಹುಡುಗನಿಗೆ ಊರಿನ ಬೇರೆ ಯಾವ ಕೆಲಸವೂ ಇಷ್ಟು ಉಳಿತಾಯವನ್ನು ಸುಲಭಕ್ಕೆ ಕೊಡಲಾರದು. ಆದರೆ ಮನೆಯವರು ಅಕ್ಕನ ಮದುವೆಗೋ ಬೋರ್‌ವೆಲ್ ಸಾಲಕ್ಕೋ ಲೆಕ್ಕ ಹಾಕುವಾಗ 30,000 ಎಂದು ಹಾಕಿರುತ್ತಾರೆ, ಸೇವಾ ನಿಧಿ ನಡುವೆ ಬೇಕೆಂದಾಗ ಸಿಗುತ್ತದೆ ಎಂದುಕೊಂಡಿರುತ್ತಾರೆ. ಅವಧಿ ಮುಗಿಯುವ ಮುನ್ನ ಸ್ವಂತ ಇಚ್ಛೆಯಿಂದ ಬಿಟ್ಟುಬರಲು ಸಾಮಾನ್ಯವಾಗಿ ಅವಕಾಶವಿಲ್ಲ. ಅಪರೂಪಕ್ಕೆ ಅನುಮತಿ ಸಿಕ್ಕರೂ ತನ್ನ ಪಾಲಿನ ಹಣ ಬಡ್ಡಿಸಹಿತ ವಾಪಸಾಗುತ್ತದೆಯೇ ಹೊರತು ಸರ್ಕಾರದ ಪಾಲು ಬರುವುದಿಲ್ಲ. ಅವಿವಾಹಿತರಷ್ಟೇ ಸೇರಬಹುದು, ನಾಲ್ಕು ವರ್ಷ ಮದುವೆಯಾಗುವಂತಿಲ್ಲ. ವರ್ಷಕ್ಕೆ 30 ದಿನ ರಜೆ. ಇವೆಲ್ಲ ಗೊತ್ತಿದ್ದೂ ಒಪ್ಪಿದರೆ ಅದು ಒಪ್ಪಿಗೆ. ಸೇರಿದ ಎರಡನೆಯ ವರ್ಷದಲ್ಲಿ ಗೊತ್ತಾದರೆ ಅದು ಕೊರಗು, ಮತ್ತು ಕೊರಗುವ ಸೈನಿಕನಿಂದ ಸೇನೆಗೂ ಲಾಭವಿಲ್ಲ.

ಹಣಕ್ಕಿಂತ ಕಠಿಣವಾದ ಒಂದು ಪ್ರಶ್ನೆಯಿದೆ, ಅದನ್ನು ಬಹಳ ಮನೆಗಳಲ್ಲಿ ಬಾಯಿಬಿಟ್ಟು ಆಡುವುದಿಲ್ಲ. ಮಗ ತೀರಿಕೊಂಡರೆ? ಕೈಕಾಲು ಕಳೆದುಕೊಂಡರೆ? ಅಪಶಕುನವೆಂದು ಈ ಮಾತನ್ನು ತಳ್ಳಿಹಾಕುವ ತಾಯಿಯನ್ನು ನಾನು ದೂರಲಾರೆ. ಆದರೂ ಯೋಜನೆ ಇದನ್ನು ಬರೆದಿಟ್ಟಿದೆ: ಅಗ್ನಿವೀರನಿಂದ ಕಂತು ಪಡೆಯದೆ 48 ಲಕ್ಷದ ಜೀವವಿಮೆ, ಸೇವೆಯ ಕಾರಣದಿಂದ ಸಾವಾದರೆ ಹೆಚ್ಚುವರಿಯಾಗಿ 44 ಲಕ್ಷ, ಸೇವೆಯಿಂದಾದ ಅಂಗವೈಕಲ್ಯಕ್ಕೆ ಅದರ ಪ್ರಮಾಣ ನೋಡಿ 44, 25 ಅಥವಾ 15 ಲಕ್ಷ. ‘ಸೇವೆಯ ಕಾರಣದಿಂದ’ ಎಂಬ ಎರಡು ಪದಗಳ ಮೇಲೆ ಎಷ್ಟು ಭಾರ ಕೂತಿದೆ ಎಂಬುದನ್ನು ಅಪ್ಪ ಅಮ್ಮ ಒಮ್ಮೆ ಕೂತು ಓದಬೇಕು. ರಜೆಯಲ್ಲಿದ್ದಾಗಿನ ಅಪಘಾತ ಯಾವ ಲೆಕ್ಕಕ್ಕೆ ಬರುತ್ತದೆ, ನಾಮಿನಿ ಯಾರು, ಕಾಗದ ಎಲ್ಲಿರಬೇಕು ಎಂದು ಮಗ ಕೇಳಿ ತಿಳಿದುಕೊಂಡು ಬರಬೇಕು. ಕನಿಷ್ಠ ವಯಸ್ಸು ಹದಿನೇಳೂವರೆ. ಹದಿನೆಂಟು ತುಂಬದವನ ಅರ್ಜಿಗೆ ತಂದೆತಾಯಿಯ ಸಹಿಯೂ ಬೇಕು. ಸಶಸ್ತ್ರ ಸಂಘರ್ಷದಲ್ಲಿ ಮಕ್ಕಳನ್ನು ತೊಡಗಿಸುವ ಕುರಿತ ವಿಶ್ವಸಂಸ್ಥೆಯ ಐಚ್ಛಿಕ ಒಡಂಬಡಿಕೆಯನ್ನು ಭಾರತ 2005ರಲ್ಲಿ ಅನುಮೋದಿಸಿದೆ. ಹದಿನೆಂಟರೊಳಗಿನವರನ್ನು ಸೇರಿಸಿಕೊಳ್ಳುವ ದೇಶ ಪಾಲಿಸಬೇಕಾದ ಷರತ್ತುಗಳಲ್ಲಿ ಪಾಲಕರ ತಿಳಿವಳಿಕೆಯುಳ್ಳ ಸಮ್ಮತಿ ಒಂದು, ಸೇರುವವನಿಗೆ ಸೇವೆಯ ಕರ್ತವ್ಯಗಳನ್ನು ಪೂರ್ತಿ ತಿಳಿಸಿರಬೇಕು ಎಂಬುದು ಇನ್ನೊಂದು. ತಂದೆಯ ಸಹಿ ಎಂದರೆ ಹೆಬ್ಬೆಟ್ಟೊತ್ತಿ ಕಳಿಸುವ ಶಾಸ್ತ್ರವಲ್ಲ.

ದಾಖಲಾತಿ ಅಧಿಕಾರಿಯ ಭೇಟಿ ಎಂದ ಮೇಲೆ ಎರಡೂ ಕಡೆಯ ಮಾತು ಇರುತ್ತದೆ. ಹುಡುಗನೂ ಉತ್ತರ ಕೊಡಬೇಕು, ಆ ಉತ್ತರ ಸತ್ಯವಾಗಿರಬೇಕು. ದಾಖಲಾತಿಯ ಪ್ರಶ್ನೆಗೆ ಬೇಕೆಂದೇ ಸುಳ್ಳು ಹೇಳುವುದು ಸೇನಾ ಕಾಯ್ದೆಯ 44ನೇ ಕಲಮಿನ ಪ್ರಕಾರ ಐದು ವರ್ಷದವರೆಗೆ ಜೈಲು ಕಾಣಿಸಬಲ್ಲ ಅಪರಾಧ. ಮುಚ್ಚಿಟ್ಟ ಕಾಯಿಲೆ, ಮುಚ್ಚಿಟ್ಟ ಪೊಲೀಸ್ ಕೇಸು, ತಿದ್ದಿದ ಅಂಕಪಟ್ಟಿ ಇವೆಲ್ಲ ಅದರಡಿ ಬರುತ್ತವೆ. ‘ಅದನ್ನು ಹೇಳಬೇಡ, ನಡೆಯುತ್ತೆ’ ಎನ್ನುವ ಸಲಹೆಗಾರ ಆ ಐದು ವರ್ಷವನ್ನು ತಾನು ಹೊರುವುದಿಲ್ಲ. ಆರೋಗ್ಯದ ವಿಷಯದಲ್ಲಂತೂ ಮುಚ್ಚಿಡುವುದಕ್ಕಿಂತ ಮೊದಲೇ ತೋರಿಸಿಕೊಳ್ಳುವುದು ಎಷ್ಟೋ ಲೇಸು. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಎರಡು ವೈದ್ಯಕೀಯ ಕಾಲೇಜು ಇರುವ ಊರಿದು. ಬಣ್ಣ ಗುರುತಿಸುವ ದೃಷ್ಟಿ, ಚಪ್ಪಟೆ ಪಾದ, ತಾಗುವ ಮಂಡಿ, ಕಿವಿಯ ತೊಂದರೆ, ಹಲ್ಲು ಇವನ್ನು ಆರು ತಿಂಗಳ ಮೊದಲು ನೋಡಿಸಿಕೊಂಡರೆ ಗುಣವಾಗುವುದು ಗುಣವಾಗುತ್ತದೆ, ಆಗದ್ದು ಗೊತ್ತಾಗಿ ಎರಡು ವರ್ಷದ ಬೆವರು ಉಳಿಯುತ್ತದೆ. ಹಚ್ಚೆಯೂ ಅಷ್ಟೆ: ಮುಂಗೈಯ ಒಳಭಾಗ, ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಇದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಾಗದಪತ್ರದಲ್ಲಿ ನಮ್ಮ ಕಡೆಯ ವಿಶೇಷ ತೊಡಕು ಇನಿಷಿಯಲ್ಲಿನದು. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡಕ್ಷರ, ಆಧಾರ್‌ನಲ್ಲಿ ಅದೇ ಬಿಡಿಸಿ ಬರೆದ ಊರು ಮತ್ತು ತಂದೆಯ ಹೆಸರು, ತಾಯಿಯ ಹೆಸರಿಗೆ ಒಂದು ಕಡೆ ‘ಮ್ಮ’ ಇದೆ, ಇನ್ನೊಂದು ಕಡೆ ಇಲ್ಲ. ಸೇನೆ ನೋಡುವುದು ಎಸ್ಸೆಸ್ಸೆಲ್ಸಿ ಪ್ರಮಾಣಪತ್ರವನ್ನು, ಉಳಿದದ್ದೆಲ್ಲ ಅದಕ್ಕೆ ಹೊಂದಬೇಕು. ಓಟ ಗೆದ್ದು ದಾಖಲೆಯಲ್ಲಿ ಸೋಲುವುದು ಯಾರಿಗೂ ಬೇಡ. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಿ, ಹತ್ತು ಪುಲ್ ಅಪ್ ಎಳೆದು ನೂರಕ್ಕೆ ನೂರು ಪಡೆದವನ ಕಣ್ಣೀರು ಆ ಒಂದು ಅಕ್ಷರಕ್ಕೆ ಕರಗುವುದಿಲ್ಲ.

ಹುಡುಗಿಯರ ಮಾತೂ ಇಲ್ಲಿ ಬರಬೇಕು. ಭೂಸೇನೆಯಲ್ಲಿ ಜವಾನರ ಶ್ರೇಣಿಗೆ ಅವರಿಗೆ ತೆರೆದಿರುವ ಬಾಗಿಲು ಮಿಲಿಟರಿ ಪೊಲೀಸ್ ಪಡೆಯದು. 2021ರ ಮೇ ತಿಂಗಳಲ್ಲಿ 83 ಮಹಿಳೆಯರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದದ್ದು ಬೆಂಗಳೂರಿನ ಕೇಂದ್ರದಿಂದಲೇ. ಮಗಳು ಕೇಳುವ ಮೊದಲೇ ‘ಅದು ಗಂಡಸರ ಕೆಲಸ’ ಎಂದು ಮುಗಿಸುವ ಮನೆಗಳಲ್ಲಿ ಪ್ರಶ್ನೆಗಳ ತಯಾರಿ ಶುರುವೇ ಆಗುವುದಿಲ್ಲ.

ಇಷ್ಟೆಲ್ಲ ಕೇಳುವುದು ದೇಶಸೇವೆಯನ್ನು ವ್ಯಾಪಾರದ ತಕ್ಕಡಿಗೆ ಹಾಕಿದಂತಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಆ ಭಾವನೆಯನ್ನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ಹರಿಹರದ ಹರಿಹರೇಶ್ವರ ದೇವಾಲಯವನ್ನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. 1865ರವರೆಗೆ ಅದೇ ಊರಿನ ಹತ್ತಿರ ದೇಶೀ ಸಿಪಾಯಿಗಳ ದಂಡು ಬೀಡುಬಿಟ್ಟಿತ್ತು. ಸೈನ್ಯವೆಂಬುದು ಈ ಸೀಮೆಗೆ ಹೊಸದಲ್ಲ. ಹಳೆಯ ದೊರೆ ಕರೆದರೆ ಪ್ರಜೆ ಹೊರಡಬೇಕಿತ್ತು. ಗಣರಾಜ್ಯದ ಕಾಯ್ದೆಯಲ್ಲಿರುವುದು ತಿಳಿಸಿ ಒಪ್ಪಿಸಿಕೊಳ್ಳುವ ಕಲಂ. ಷರತ್ತು ತಿಳಿದೂ ಹೋಗುವವನ ದೇಶಪ್ರೇಮ ತಿಳಿಯದೆ ಹೋಗುವವನದಕ್ಕಿಂತ ಕಡಿಮೆಯದು ಎಂದು ನಾನು ನಂಬಲಾರೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಮನೆಯಲ್ಲಿ ಒಲೆ ಉರಿಯಬೇಕಾದವನಿಗೆ ಪ್ರಶ್ನೆ ಕೇಳುವುದೊಂದು ಐಷಾರಾಮ, ಏನೇ ಷರತ್ತಿದ್ದರೂ ಅವನು ಹೋಗಿಯೇ ಹೋಗುತ್ತಾನೆ, ತಿಳಿದು ಏನು ಮಾಡುವುದು? ಹೋಗುವುದು ಬಿಡುವುದು ಬದಲಾಗದಿರಬಹುದು; ಹೋದ ಮೇಲಿನ ನಾಲ್ಕು ವರ್ಷ ಬದಲಾಗುತ್ತದೆ. ನೂರರಲ್ಲಿ ಎಪ್ಪತ್ತೈದು ಮಂದಿ ವಾಪಸ್ ಬರಬೇಕಾದೀತು ಎಂದು ಮೊದಲ ದಿನವೇ ಬಲ್ಲವನು ಸೇವೆಯಲ್ಲಿದ್ದೇ ಪಿಯುಸಿಗೆ ಸಮನಾದ ಪ್ರಮಾಣಪತ್ರ ಪಡೆಯುತ್ತಾನೆ, ಕೈಗೊಂದು ಕಸುಬಿನ ಸರ್ಟಿಫಿಕೇಟ್ ಕೇಳಿ ಪಡೆಯುತ್ತಾನೆ, ಕೇಂದ್ರೀಯ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗಿರುವ ಮೀಸಲಾತಿಯ ಮೇಲೆ ಕಣ್ಣಿಡುತ್ತಾನೆ, ಸೇವಾ ನಿಧಿಯನ್ನು ಯಾವುದಕ್ಕೆ ಹೂಡಬೇಕೆಂದು ಯೋಚಿಸುತ್ತಾನೆ. ಗೊತ್ತಿಲ್ಲದವನು ಕೊನೆಯ ವರ್ಷದವರೆಗೂ ಕಾಯಂ ಆಗುತ್ತೇನೆಂದೇ ನಂಬಿ ಕೂರುತ್ತಾನೆ. ಬಡವನಿಗೇ ಈ ತಿಳಿವಳಿಕೆ ಹೆಚ್ಚು ಬೇಕು, ಏಕೆಂದರೆ ತಪ್ಪಿದರೆ ಹಿಂದೆ ಒರಗಲು ಅವನಿಗೆ ಗೋಡೆಯಿಲ್ಲ.

ಎಲ್ಲವೂ ಜಾಲತಾಣದಲ್ಲಿದೆಯಲ್ಲ ಎಂಬ ಮಾತೂ ಬರುತ್ತದೆ. ಇದೆ, ನಿಜ. ಆದರೆ ಇಂಗ್ಲಿಷ್ ಮತ್ತು ಹಿಂದಿಯ ಅಧಿಸೂಚನೆ ಹತ್ತನೆಯ ತರಗತಿ ಕನ್ನಡ ಮಾಧ್ಯಮದಲ್ಲಿ ಓದಿದವನ ಕೈಯಲ್ಲಿ ಅರ್ಧ ತೆರೆದ ಪುಸ್ತಕ. ಹೇಳುವವರು ಇಲ್ಲದ ಕಡೆ ದಲ್ಲಾಳಿ ಬಂದು ನಿಲ್ಲುತ್ತಾನೆ. ಆಯ್ಕೆಗೆ ಯಾರಿಗೂ ಹಣ ಕೊಡಬೇಡಿ ಎಂದು ಸೇನೆಯೇ ಪ್ರತಿ ಬಾರಿ ಎಚ್ಚರಿಸಬೇಕಾಗಿ ಬಂದಿರುವುದು ಇದೇ ಕಾರಣಕ್ಕೆ. 2025ರಿಂದ ಪ್ರವೇಶ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಲು ಅವಕಾಶ ಸಿಕ್ಕಿತು. ಪರೀಕ್ಷೆಯ ಪ್ರಶ್ನೆ ಕನ್ನಡದಲ್ಲಿ ಇರಬಹುದಾದರೆ ಸೇವೆಯ ಷರತ್ತು ಕನ್ನಡದಲ್ಲಿ ಇರಲು ಅಡ್ಡಿಯೇನು? ಓದಿ ವಿವರಿಸಬೇಕು ಎನ್ನುವ 13ನೇ ಕಲಂ ಭಾಷೆಯ ಹೆಸರು ಹೇಳುವುದಿಲ್ಲ, ಆದರೆ ಅರ್ಥವಾಗದ ಭಾಷೆಯಲ್ಲಿ ಓದಿದ್ದನ್ನು ವಿವರಿಸಿದ್ದು ಎನ್ನಲಾಗದು.

ಈ ತಯಾರಿಗೆ ದೊಡ್ಡ ಹಣವೇನೂ ಬೇಡ. ನೋಂದಣಿ ಶುರುವಾಗುವ ಮುನ್ನ ದಾವಣಗೆರೆಯ ಮತ್ತು ಹರಿಹರದ ಪದವಿಪೂರ್ವ ಕಾಲೇಜು, ಐಟಿಐಗಳಲ್ಲಿ ಒಂದೊಂದು ಮಧ್ಯಾಹ್ನ ಸಾಕು. ಎನ್‌ಸಿಸಿ ಅಧಿಕಾರಿ, ಒಬ್ಬ ಮಾಜಿ ಸೈನಿಕ, ಒಬ್ಬ ವೈದ್ಯ, ಒಬ್ಬ ಬ್ಯಾಂಕಿನವರು ಕೂತು ಆ ವರ್ಷದ ಅಧಿಸೂಚನೆಯನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಲಿ, ತಂದೆತಾಯಿಯರೂ ಬಂದು ಕೂರಲಿ. ಬೆಳಗ್ಗೆ ಮೈದಾನದಲ್ಲಿ ಹುಡುಗರನ್ನು ಓಡಿಸುವ ಕೋಚಿಂಗ್ ಸಂಸ್ಥೆಗಳು ವಾರಕ್ಕೊಂದು ಗಂಟೆಯನ್ನು ಇದಕ್ಕೆ ಮೀಸಲಿಡಲಿ. ಮಂಗಳೂರಿನ ಕಚೇರಿಯ ಅಧಿಕಾರಿಯೊಬ್ಬರು ವರ್ಷಕ್ಕೊಮ್ಮೆ ಬಂದು, ಹುಡುಗರು ಬರೆದು ತಂದ ಪ್ರಶ್ನೆಗಳಿಗೆ ಸಭೆಯಲ್ಲೇ ಉತ್ತರಿಸಲಿ. 2023ರ ಆರಂಭದಲ್ಲಿ ತರಬೇತಿ ಕೇಂದ್ರಗಳ ಮೆಟ್ಟಿಲು ಹತ್ತಿದ ಮೊದಲ ತಂಡದ ಅಗ್ನಿವೀರರ ನಾಲ್ಕು ವರ್ಷ 2027ರ ಆರಂಭದ ಹೊತ್ತಿಗೆ ತುಂಬುತ್ತದೆ. ಕಾಯಂ ಆದವರೂ, ಸೇವಾ ನಿಧಿ ಹಿಡಿದು ಊರಿಗೆ ಮರಳಿದವರೂ ಆ ಸಭೆಗಳ ಮುಂದಿನ ಸಾಲಿನಲ್ಲಿ ಕೂರಬೇಕು. ಹೊಸ ಕಾಗದಕ್ಕೆ ಸಹಿ ಹಾಕಿ ಬದುಕಿದವರು ಇವರೇ ಮೊದಲಿಗರು. ಮುಂದಿನ ಹುಡುಗ ಕೇಳಬೇಕಾದ ಪ್ರಶ್ನೆಗಳಲ್ಲಿ ಅರ್ಧದಷ್ಟು ಅವರ ಬಾಯಿಂದಲೇ ಬರಲಿವೆ.